ನರ್ಸಿಂಗ್ ಸಹಾಯಕರಾಗಲು ಹೊರಟವರು ಆಸ್ಪತ್ರೆಯ ಯಾವ ಪದಗಳನ್ನು ಮೊದಲು ಕಲಿಯಬೇಕು?

ಹಾವೇರಿಯ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದೇನೆ. ಇದುವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಮುಂದಿನ ತಿಂಗಳು ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಎಲ್ಲರೂ ಜಿಡಿಎ ಎನ್ನುವ ತರಬೇತಿಗೆ ಸೇರುವವಳಿದ್ದೇನೆ. ಮೊದಲೇ ಓದಿಕೊಂಡು ಬನ್ನಿ ಎಂದು ತರಬೇತಿ ಕೇಂದ್ರದವರು ವೈದ್ಯಕೀಯ ಪದಗಳ ಒಂದು ಉದ್ದನೆಯ ಪಟ್ಟಿಯನ್ನು ಕೊಟ್ಟಿದ್ದಾರೆ. ಅದು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿದ್ದು, ಮೂಳೆಯ ಹೆಸರು, ಕಾಯಿಲೆಯ ಹೆಸರು, ಔಷಧಿಯ ಸಂಕ್ಷೇಪ, ಉಪಕರಣ ಎಲ್ಲವೂ ಅದರಲ್ಲಿ ಒಟ್ಟಾಗಿ ಬೆರೆತಿವೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮೊದಲನೆಯ ಪುಟ ಮರೆತುಹೋಗುತ್ತಿದೆ. ವಾರ್ಡಿನಲ್ಲಿ ಮೊದಲ ವಾರವೇ ಬೇಕಾಗುವ ಪದಗಳು ಯಾವುವು, ನಿಧಾನವಾಗಿ ಕಲಿತರೂ ನಡೆಯುವಂಥವು ಯಾವುವು ಎಂಬುದನ್ನು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ವಾರ್ಡ್ ಸಿಸ್ಟರ್, ಶಿವಮೊಗ್ಗ:

ತಂಗಿ, ಆ ಪಟ್ಟಿಯನ್ನು ಸದ್ಯಕ್ಕೆ ಮಡಿಸಿಡಿ. ಅಕ್ಷರಗಳ ಕ್ರಮದಲ್ಲಿ ಕಲಿತ ಪದಗಳು ಪರೀಕ್ಷೆಯವರೆಗೆ ಉಳಿದಾವೇ ಹೊರತು ವಾರ್ಡಿನಲ್ಲಿ ನೆನಪಿಗೆ ಬರುವುದಿಲ್ಲ. ಕೆಲಸ ಯಾವ ಕ್ರಮದಲ್ಲಿ ಸಾಗುತ್ತದೆಯೋ ಅದೇ ಕ್ರಮದಲ್ಲಿ ಪದಗಳನ್ನು ಕಲಿಯಿರಿ.

ಪಾಳಿ ಬದಲಾಗುವಾಗ ಹಿಂದಿನ ಪಾಳಿಯ ಸಿಸ್ಟರ್ ಮುಂದಿನವರಿಗೆ ಒಬ್ಬೊಬ್ಬ ರೋಗಿಯ ವಿಷಯವನ್ನೂ ಹೇಳಿ ವಹಿಸಿಕೊಡುತ್ತಾರೆ. ಇದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಅಲ್ಲಿ ನಿಮ್ಮ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ‘ಮೂರನೇ ಬೆಡ್, ಪೋಸ್ಟ್ ಆಪ್ ಎರಡನೇ ದಿನ, ಎನ್‌ಬಿಎಂ, ಫೋಲೀಸ್ ಇದೆ, ಐ.ಒ. ಚಾರ್ಟ್ ನಡೀತಿದೆ, ಎರಡು ಗಂಟೆಗೊಮ್ಮೆ ಪೊಸಿಷನ್.’ ಈ ಒಂದು ಸಾಲನ್ನು ಬಿಡಿಸಿಕೊಂಡರೆ ನಿಮ್ಮ ಮೊದಲ ವಾರದ ಅರ್ಧ ಪಾಠ ಮುಗಿದಂತೆ.

ಪೋಸ್ಟ್ ಆಪ್ ಎಂದರೆ ಶಸ್ತ್ರಚಿಕಿತ್ಸೆ ಆದ ನಂತರದ ಅವಧಿ, ಪ್ರೀ ಆಪ್ ಎಂದರೆ ಅದಕ್ಕೆ ಮುಂಚಿನದು. ಎನ್‌ಬಿಎಂ ಎಂದರೆ ಬಾಯಿಯ ಮೂಲಕ ಏನನ್ನೂ ಕೊಡುವಂತಿಲ್ಲ. ಕೆಲವು ವೈದ್ಯರು ಇದನ್ನೇ ಎನ್‌ಪಿಒ ಎಂದು ಬರೆಯುತ್ತಾರೆ. ಏನನ್ನೂ ಎಂದರೆ ನೀರನ್ನೂ ಎಂದರ್ಥ. ಅಜ್ಜಿ ಬಾಯಿ ಒಣಗುತ್ತಿದೆ ಎಂದು ಎಷ್ಟೇ ಬೇಡಿಕೊಂಡರೂ, ಪಕ್ಕದಲ್ಲಿ ಕುಳಿತ ಮಗಳು ಒಂದು ಚಮಚ ಕಾಫಿಯಿಂದ ಏನಾಗುತ್ತದೆ ಎಂದು ವಾದಿಸಿದರೂ, ನೀವು ಸಿಸ್ಟರ್ ಅನ್ನು ಕೇಳದೆ ತುಟಿ ಒದ್ದೆ ಮಾಡುವುದಕ್ಕೂ ಮುಂದಾಗಬಾರದು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಎಂಬುದು ಇದರ ಹಿಂದಿನ ಕಾರಣ. ಕಾರಣ ತಿಳಿದವರು ಮನೆಯವರಿಗೆ ಸಮಾಧಾನ ಹೇಳಬಲ್ಲರು. ತಿಳಿಯದವರು ಜಗಳಕ್ಕೆ ಬೀಳುತ್ತಾರೆ.

ಫೋಲೀಸ್ ಎಂದರೆ ಮೂತ್ರಕೋಶಕ್ಕೆ ಹಾಕಿದ ನಳಿಕೆ, ಅದರ ತುದಿಯ ಚೀಲ ಯೂರೋಬ್ಯಾಗ್. ಚೀಲವು ಯಾವಾಗಲೂ ರೋಗಿಯ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ರೋಗಿಯನ್ನು ಸ್ಟ್ರೆಚರ್‌ಗೆ ಸಾಗಿಸುವಾಗ ಚೀಲವನ್ನು ಅವರ ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಬಹಳ ಕಡೆ ಇದೆ; ಹಾಗೆ ಮಾಡಿದರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ತಗಲುತ್ತದೆ. ಐ.ಒ. ಚಾರ್ಟ್ ಎಂದರೆ ದೇಹದೊಳಕ್ಕೆ ಹೋದ ದ್ರವ ಮತ್ತು ಹೊರಕ್ಕೆ ಬಂದ ದ್ರವದ ಲೆಕ್ಕ. ಪೊಸಿಷನ್ ಎಂದರೆ ಮಲಗಿಸುವ ಭಂಗಿ. ಅಂಗಾತ ಮಲಗಿದ್ದರೆ ಸುಪೈನ್, ಬೋರಲಾಗಿ ಮಲಗಿದ್ದರೆ ಪ್ರೋನ್, ಮಗ್ಗುಲಾಗಿದ್ದರೆ ಲ್ಯಾಟರಲ್, ತಲೆಯ ಭಾಗವನ್ನು ಎತ್ತಿ ಕೂರಿಸಿದಂತಿದ್ದರೆ ಫೌಲರ್ಸ್. ಸೆಮಿ ಫೌಲರ್ಸ್ ಎಂದರೆ ಮಂಚದ ತಲೆಯ ಭಾಗವನ್ನು ಸುಮಾರು 30ರಿಂದ 45 ಡಿಗ್ರಿ ಎತ್ತುವುದು. ಉಸಿರಾಟಕ್ಕೆ ಕಷ್ಟಪಡುವವರಿಗೆ ಮತ್ತು ಮೂಗಿನ ನಳಿಕೆಯಿಂದ, ಅಂದರೆ ರೈಲ್ಸ್ ಟ್ಯೂಬಿನಿಂದ, ಆಹಾರ ಪಡೆಯುವವರಿಗೆ ಈ ಭಂಗಿ ಬೇಕು. ಆಹಾರ ಕೊಟ್ಟ ಕೂಡಲೇ ಮಂಚವನ್ನು ಮಟ್ಟಸ ಮಾಡಬಾರದು, ಕನಿಷ್ಠ ಅರ್ಧ ಗಂಟೆ ಹಾಗೆಯೇ ಬಿಡಬೇಕು.

ಹ್ಯಾಂಡೋವರ್ ಮುಗಿದ ಮೇಲೆ ವೈಟಲ್ಸ್. ಹಿಂದೆ ಟಿ.ಪಿ.ಆರ್. (ಉಷ್ಣತೆ, ನಾಡಿ, ಉಸಿರಾಟ) ಮತ್ತು ಬಿ.ಪಿ. ಎನ್ನುತ್ತಿದ್ದರು, ಈಗ ಬೆರಳಿಗೆ ಸಿಕ್ಕಿಸಿ ನೋಡುವ ಆಮ್ಲಜನಕದ ಪ್ರಮಾಣವೂ ಅದಕ್ಕೆ ಸೇರಿದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20, ರಕ್ತದೊತ್ತಡ 120/80ರ ಆಸುಪಾಸು, ಆಮ್ಲಜನಕ 95ಕ್ಕಿಂತ ಮೇಲೆ, ಬಾಯಿಯಲ್ಲಿ ಅಳೆದ ಉಷ್ಣತೆ 98.6 ಫ್ಯಾರನ್‌ಹೀಟ್ ಆಸುಪಾಸು. ಕಂಕುಳಲ್ಲಿ ಅಳೆದರೆ ಉಷ್ಣತೆ ಸುಮಾರು ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ನೀವಾಗಿಯೇ ಒಂದು ಡಿಗ್ರಿ ಸೇರಿಸಿ ಬರೆಯಬೇಡಿ. ಕಂಡದ್ದನ್ನು ಬರೆದು, ಕಂಕುಳಲ್ಲಿ ಅಳೆದದ್ದು ಎಂದು ಪಕ್ಕದಲ್ಲಿ ನಮೂದಿಸಿ. ಡಯಾಲಿಸಿಸ್‌ಗಾಗಿ ಫಿಸ್ಟುಲಾ, ಅಂದರೆ ರಕ್ತನಾಳಗಳ ಜೋಡಣೆ, ಮಾಡಿರುವ ಕೈಗೆ ಬಿ.ಪಿ. ಪಟ್ಟಿ ಕಟ್ಟಬಾರದು ಎಂಬುದನ್ನು ಪುಸ್ತಕ ಹಿಂದಿನ ಪುಟಗಳಲ್ಲೆಲ್ಲೋ ಹೇಳುತ್ತದೆ, ನಾನು ಮೊದಲ ದಿನವೇ ಹೇಳುತ್ತೇನೆ.

ತರಬೇತಿ ಕೇಂದ್ರದ ಬೋಧಕ, ದಾವಣಗೆರೆ:

ಸಿಸ್ಟರ್ ಹೇಳಿದ ಕ್ರಮವನ್ನು ಒಪ್ಪುತ್ತೇನೆ. ಆದರೆ ಪದಗಳ ಹಿಂದುಮುಂದಿನ ತುಣುಕುಗಳನ್ನು ಕಲಿಯುವುದು ವ್ಯರ್ಥ ಎಂಬ ಅರ್ಥ ಬರಬಾರದು. ಆಸ್ಪತ್ರೆಯ ಪದಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ತುಣುಕುಗಳನ್ನು ಜೋಡಿಸಿ ಕಟ್ಟಿದವು. ಕನ್ನಡ ಮಾಧ್ಯಮದವರಿಗೆ ಇದರಲ್ಲಿ ಹಿನ್ನಡೆಯೇನೂ ಇಲ್ಲ, ಇಂಗ್ಲಿಷ್ ಮಾಧ್ಯಮದವರಿಗೂ ಅವು ಅಷ್ಟೇ ಅಪರಿಚಿತ. ‘ಐಟಿಸ್’ ಎಂದು ಮುಗಿದರೆ ಉರಿಯೂತ: ಗ್ಯಾಸ್ಟ್ರೈಟಿಸ್ ಜಠರದ್ದು, ಹೆಪಟೈಟಿಸ್ ಯಕೃತ್ತಿನದು, ಆರ್ಥ್ರೈಟಿಸ್ ಕೀಲಿನದು. ‘ಎಕ್ಟಮಿ’ ಎಂದು ಮುಗಿದರೆ ಆ ಅಂಗವನ್ನು ತೆಗೆದಿದ್ದಾರೆ. ಗರ್ಭಕೋಶವನ್ನು ತೆಗೆದರೆ ಹಿಸ್ಟರೆಕ್ಟಮಿ. ‘ಆಸ್ಟಮಿ’ ಎಂದು ಮುಗಿದರೆ ಹೊರಕ್ಕೆ ಒಂದು ದಾರಿ ಮಾಡಿದ್ದಾರೆ. ಕೊಲಾಸ್ಟಮಿ ಆದ ರೋಗಿಯ ಹೊಟ್ಟೆಯ ಮೇಲೆ ಮಲದ ಚೀಲ ಇರುತ್ತದೆ, ಟ್ರೇಕಿಯಾಸ್ಟಮಿ ಆದವರ ಕುತ್ತಿಗೆಯಲ್ಲಿ ಉಸಿರಿನ ನಳಿಕೆ ಇರುತ್ತದೆ. ‘ಸ್ಕೋಪಿ’ ಎಂದರೆ ಕೊಳವೆ ಇಳಿಸಿ ನೋಡುವುದು. ‘ಯೂರಿಯಾ’ ಎಂದು ಮುಗಿದರೆ ಅದು ಮೂತ್ರದ ಸಂಗತಿ, ‘ಈಮಿಯಾ’ ಎಂದು ಮುಗಿದರೆ ರಕ್ತದ ಸಂಗತಿ.

ಮೊದಲ ತುಣುಕುಗಳಲ್ಲಿ ಟ್ಯಾಕಿ ಎಂದರೆ ವೇಗ, ಬ್ರಾಡಿ ಎಂದರೆ ನಿಧಾನ. ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಿಮೆ. ಈ ಕೊನೆಯ ಜೋಡಿಯ ಬಗ್ಗೆ ನಾನು ತರಗತಿಯಲ್ಲಿ ಬೇರೆ ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ಗದ್ದಲದ ವಾರ್ಡಿನಲ್ಲಿ, ಮಾಸ್ಕ್ ಹಾಕಿದ ಬಾಯಿಂದ, ಹೈಪರ್‌ಗ್ಲೈಸೀಮಿಯಾ ಮತ್ತು ಹೈಪೋಗ್ಲೈಸೀಮಿಯಾ ಎರಡೂ ಒಂದೇ ರೀತಿ ಕೇಳಿಸುತ್ತವೆ. ಎರಡನೆಯದರಲ್ಲಿ ನಿಮಿಷಗಳೂ ಮುಖ್ಯ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದು ಎಲ್ಲವೂ ಬೇಗಬೇಗನೆ ಬರುತ್ತವೆ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಆ ದೊಡ್ಡ ಪದವನ್ನು ಬಾಯಲ್ಲಿ ಹೇಳಲು ಬಿಡುವುದೇ ಇಲ್ಲ. ‘ಸಿಸ್ಟರ್, ಐದನೇ ಬೆಡ್ಡಿನವರ ಶುಗರ್ 58, ಬೆವರುತ್ತಿದ್ದಾರೆ, ಕರೆದರೆ ಮಾತಾಡುತ್ತಾರೆ’ ಎನ್ನಬೇಕು. ಪದ ತಪ್ಪಾಗಿ ಕೇಳಿಸಬಹುದು, ಐವತ್ತೆಂಟು ಎಂಬ ಸಂಖ್ಯೆ ತಪ್ಪಾಗಿ ಕೇಳಿಸುವುದು ಕಷ್ಟ.

ಹಾವೇರಿಯ ವಿದ್ಯಾರ್ಥಿನಿ:

ಇಬ್ಬರಿಗೂ ಧನ್ಯವಾದಗಳು. ಹ್ಯಾಂಡೋವರ್‌ನ ಆ ಸಾಲನ್ನು ಬರೆದಿಟ್ಟುಕೊಂಡಿದ್ದೇನೆ. ನನ್ನ ಪಟ್ಟಿಯಲ್ಲಿ ಒಡಿ, ಬಿಡಿ, ಟಿಡಿಎಸ್, ಎಚ್‌ಎಸ್, ಎಸ್‌ಒಎಸ್ ಎಂದು ಔಷಧಿಯ ಸಂಕ್ಷೇಪಗಳೇ ಒಂದು ಪುಟವಿದೆ. ಜಿಡಿಎಗಳು ಔಷಧಿ ಕೊಡುವಂತಿಲ್ಲ ಎಂದು ಕೇಳಿದ್ದೇನೆ. ಹಾಗಿದ್ದರೆ ಇವನ್ನು ಕಲಿಯುವುದು ಏಕೆ?

ನಿವೃತ್ತ ವಾರ್ಡ್ ಸಿಸ್ಟರ್, ಶಿವಮೊಗ್ಗ:

ಕೇಳಿದ್ದು ಸರಿ. ಚುಚ್ಚುಮದ್ದು ಕೊಡುವುದು, ಡ್ರಿಪ್ಪಿನ ವೇಗ ಬದಲಿಸುವುದು, ಆಮ್ಲಜನಕದ ಹರಿವನ್ನು ಏರಿಸಿ ಇಳಿಸುವುದು ಇವು ಯಾವುವೂ ನಿಮ್ಮ ಕೆಲಸವಲ್ಲ. ರಾತ್ರಿ ಪಾಳಿಯಲ್ಲಿ ಸಿಬ್ಬಂದಿ ಕಡಿಮೆ ಇದ್ದಾಗ ‘ನೀನೇ ಸ್ವಲ್ಪ ಮಾಡಿಬಿಡು’ ಎನ್ನುವವರು ಸಿಗುತ್ತಾರೆ. ವಿನಯದಿಂದಲೇ ಆಗುವುದಿಲ್ಲ ಎನ್ನಿ. ಎ.ಎನ್.ಎಂ., ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರಿಗೆ ಇರುವ ಅಧಿಕಾರ ನಿಮಗೆ ಇಲ್ಲ, ಅನಾಹುತವಾದರೆ ನಿಮ್ಮ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ.

ಆದರೂ ಈ ಸಂಕ್ಷೇಪಗಳು ಬೇಕು, ಏಕೆಂದರೆ ರೋಗಿಯ ಊಟ, ಸ್ನಾನ, ನಿದ್ದೆ ಎಲ್ಲವೂ ಔಷಧಿಯ ವೇಳೆಗೆ ಹೊಂದಿಕೊಂಡಿರುತ್ತವೆ. ಒಡಿ ದಿನಕ್ಕೆ ಒಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಕ್ಯೂಐಡಿ ನಾಲ್ಕು ಸಲ, ಎಚ್‌ಎಸ್ ಮಲಗುವ ಹೊತ್ತಿಗೆ. ಎಸಿ ಊಟಕ್ಕೆ ಮುಂಚೆ, ಪಿಸಿ ಊಟದ ನಂತರ. ಊಟಕ್ಕೆ ಮುಂಚೆ ಇನ್ಸುಲಿನ್ ಬರೆದಿರುವ ರೋಗಿಗೆ ನೀವು ತಟ್ಟೆಯನ್ನು ಬೇಗ ಕೊಟ್ಟರೂ ತೊಂದರೆ, ಇನ್ಸುಲಿನ್ ಆದ ಮೇಲೆ ತಟ್ಟೆ ತಡವಾದರೂ ತೊಂದರೆ. ಎಸ್‌ಒಎಸ್ ಎಂದರೆ ಅಗತ್ಯ ಬಿದ್ದಾಗ ಮಾತ್ರ, ಸ್ಟ್ಯಾಟ್ ಎಂದರೆ ಈ ಕ್ಷಣವೇ. ಹೊಸಬರು ಎಸ್‌ಒಎಸ್ ಎಂಬುದನ್ನು ತುರ್ತು ಎಂದು ತಿಳಿದು ಓಡುವುದುಂಟು, ಅರ್ಥ ಅದಕ್ಕೆ ಹೆಚ್ಚುಕಡಿಮೆ ವಿರುದ್ಧ.

ಆಸ್ಪತ್ರೆಯ ಔಷಧಾಲಯದವರು, ಮೈಸೂರು:

ಒಂದು ಸೇರ್ಪಡೆ. ಸಂಕ್ಷೇಪಗಳಿಗೆ ಜಾಗಕ್ಕೆ ತಕ್ಕ ಅರ್ಥ ಇರುತ್ತದೆ. ಒಡಿ ಎಂದರೆ ನಮ್ಮಲ್ಲಿ ದಿನಕ್ಕೆ ಒಮ್ಮೆ, ಆದರೆ ಕಣ್ಣಿನ ಚಿಕಿತ್ಸೆಯ ಕೆಲವು ಚೀಟಿಗಳಲ್ಲಿ ಅದೇ ಅಕ್ಷರಗಳು ಬಲಗಣ್ಣು ಎಂಬ ಅರ್ಥದಲ್ಲಿ ಬರುತ್ತವೆ. ಇನ್ಸುಲಿನ್‌ನ ಯೂನಿಟ್ ಎಂಬುದಕ್ಕೆ ಬರೀ ‘ಯು’ ಅಕ್ಷರವನ್ನು ಬರೆದಾಗ ಅದು ಸೊನ್ನೆಯಂತೆ ಕಂಡು, ನಾಲ್ಕು ಯೂನಿಟ್ ನಲವತ್ತಾಗುವ ಅಪಾಯವಿದೆ. ಆದ್ದರಿಂದಲೇ ಆ ಪದವನ್ನು ಪೂರ್ತಿಯಾಗಿ ಬರೆಯಬೇಕು ಎಂಬ ನಿಯಮ ಅನೇಕ ಆಸ್ಪತ್ರೆಗಳಲ್ಲಿದೆ. ಸಹಾಯಕರು ಚೀಟಿಯನ್ನು ಹಿಡಿದು ನಮ್ಮ ಕಿಟಕಿಗೆ ಬರುವಾಗ ‘ಇದು ಇಷ್ಟೇ ಅಂತೆ’ ಎಂದು ಊಹೆಯನ್ನು ಸೇರಿಸದಿದ್ದರೆ ಸಾಕು.

ಮನೆ ಆರೈಕೆಯ ಸಹಾಯಕಿ, ಬೆಂಗಳೂರು:

ನಾನು ಆಸ್ಪತ್ರೆ ಬಿಟ್ಟು ಈಗ ವಯಸ್ಸಾದವರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಹೇಳಿದ ಪದಗಳೆಲ್ಲ ವೈದ್ಯರ ಕಡೆಯವು. ರೋಗಿಯ ಕಡೆಯ ಪದಗಳನ್ನು ಯಾವ ತರಬೇತಿಯೂ ಕಲಿಸುವುದಿಲ್ಲ, ನಮ್ಮ ಊರಿನವರು ನಮಗೆ ಗೊತ್ತೇ ಇದೆ ಎಂದುಕೊಂಡುಬಿಡುತ್ತೇವೆ.

ನಮ್ಮಲ್ಲಿ ‘ಬಿ.ಪಿ. ಇದೆ’ ಎಂದರೆ ರಕ್ತದೊತ್ತಡ ಹೆಚ್ಚಿದೆ ಎಂದರ್ಥ, ‘ಶುಗರ್ ಇದೆ’ ಎಂದರೆ ಸಕ್ಕರೆ ಕಾಯಿಲೆ. ಆದರೆ ‘ಲೋ ಆಗಿದೆ’ ಎಂದು ಒಬ್ಬರು ಹೇಳಿದರೆ ಬಿ.ಪಿ.ಯೋ ಶುಗರ್ರೋ ಎಂದು ಕೇಳಲೇಬೇಕು. ‘ಸುಸ್ತು’ ಎಂಬ ಒಂದೇ ಮಾತಿನಲ್ಲಿ ನಿಶ್ಶಕ್ತಿ, ಉಸಿರು ಸಾಲದಿರುವುದು, ತಲೆಸುತ್ತು, ಕೆಲವರಲ್ಲಿ ವಾಂತಿಭೇದಿಯೂ ಅಡಗಿರುತ್ತದೆ. ಹಳೆ ಮೈಸೂರಿನ ಕಡೆಯವರು ಉಬ್ಬಸ ಎಂದರೆ, ಉತ್ತರದವರು ದಮ್ಮು ಎನ್ನುತ್ತಾರೆ. ಸೊಂಟ ಹಿಡಿದಿದೆ, ಕಾಲು ಜೋಮು ಹಿಡಿದಿದೆ, ಕೈ ಮರಗಟ್ಟಿದೆ ಎಂಬ ಮೂರು ಮಾತುಗಳು ಮೂರು ಬೇರೆ ಸಂಗತಿಗಳು. ವಯಸ್ಸಾದ ಹೆಂಗಸರು ಮೂತ್ರದ ತೊಂದರೆಯನ್ನು ನೇರವಾಗಿ ಹೇಳುವುದೇ ಇಲ್ಲ. ‘ಒಂದಕ್ಕೆ ಹೋದರೆ ಉರಿ’ ಎಂಬ ಮಾತು ಬರುವಷ್ಟರಲ್ಲಿ ಮೂರು ದಿನವಾಗಿರುತ್ತದೆ.

ಎಲ್ಲಕ್ಕಿಂತ ಅಪಾಯದ ಪದ ‘ಗ್ಯಾಸ್ಟ್ರಿಕ್’. ಎದೆ ಹಿಡಿದರೂ ಗ್ಯಾಸ್ಟ್ರಿಕ್, ಬೆನ್ನು ನೋವಾದರೂ ಗ್ಯಾಸ್ಟ್ರಿಕ್. ಹೃದಯಾಘಾತದ ನೋವು ಎಡ ಎದೆಯಲ್ಲೇ ಬರಬೇಕೆಂದಿಲ್ಲ, ಮೇಲುಹೊಟ್ಟೆಯಲ್ಲಿ, ದವಡೆಯಲ್ಲಿ, ತೋಳಿನಲ್ಲಿ ಬರಬಹುದು. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಉಸಿರು ಕಟ್ಟುವಿಕೆ ಕಾಣಿಸಬಹುದು. ರೋಗಿ ಗ್ಯಾಸ್ಟ್ರಿಕ್ ಎಂದರೆ ನಾನು ಫೋನಿನಲ್ಲಿ ಆ ಪದವನ್ನು ಹಾಗೆಯೇ ದಾಟಿಸದೆ, ಎಲ್ಲಿ ನೋವು, ಯಾವಾಗಿನಿಂದ, ಬೆವರುತ್ತಿದ್ದಾರೆಯೇ, ನಡೆದಾಗ ಹೆಚ್ಚಾಗುತ್ತದೆಯೇ ಎಂದು ಕೇಳಿ ಅದನ್ನು ಹೇಳುತ್ತೇನೆ. ಮನೆಯಲ್ಲಿ ಸಿಸ್ಟರ್ ಇರುವುದಿಲ್ಲ, 108ಕ್ಕೆ ಕರೆ ಮಾಡಬೇಕೇ ಬೇಡವೇ ಎಂಬುದು ಈ ನಾಲ್ಕು ಉತ್ತರಗಳ ಮೇಲೆ ನಿಂತಿರುತ್ತದೆ.

ತರಬೇತಿ ಕೇಂದ್ರದ ಬೋಧಕ, ದಾವಣಗೆರೆ:

ಇದನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ರೋಗಿ ಹೇಳಿದ ಪದವನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ‘ಗ್ಯಾಸ್ಟ್ರಿಕ್ ಎಂದು ಹೇಳುತ್ತಿದ್ದಾರೆ, ಆದರೆ ತೋರಿಸುತ್ತಿರುವುದು ಎದೆಯ ಮಧ್ಯಭಾಗವನ್ನು’ ಎಂದು ಎರಡನ್ನೂ ಹೇಳಿ. ವೈದ್ಯರು ಸಿ.ಒ. ಎಂದು ಬರೆಯುವುದು ರೋಗಿ ಹೇಳಿಕೊಂಡ ತೊಂದರೆಯನ್ನೇ. ರೋಗಿ ಹೇಳಿದ್ದು ಬೇರೆ, ನಾವು ನೋಡಿದ್ದು ಬೇರೆ ಎಂದು ಬಿಡಿಸಿಡುವುದು ವರದಿಯ ಮೊದಲ ಶಿಸ್ತು.

ಮನೆ ಆರೈಕೆಯ ಸಹಾಯಕಿ, ಬೆಂಗಳೂರು:

ಸರಿ, ಸರ್. ಹಾಗಾದರೆ ಮೂರನೆಯದನ್ನೂ ಸೇರಿಸಿ: ನಾವು ಊಹಿಸಿದ್ದು. ಅದನ್ನು ಹೇಳಲೇಬಾರದು. ಮಲ ಕಪ್ಪಗಿದ್ದರೆ ಪಟ್ಟಿಯಲ್ಲಿ ಕಲಿತ ‘ಮೆಲೀನಾ’ ಎಂಬ ಪದ ಹೊಸಬರ ಬಾಯಿಗೆ ಬಂದುಬಿಡುತ್ತದೆ, ಅಂದರೆ ಹೊಟ್ಟೆಯೊಳಗೆ ರಕ್ತಸ್ರಾವ. ಆದರೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರ ಮಲವೂ ಕಪ್ಪಗಿರುತ್ತದೆ. ಡಾಂಬರಿನಂತೆ ಅಂಟಂಟಾಗಿತ್ತೇ, ವಾಸನೆ ಹೇಗಿತ್ತು, ಎಷ್ಟು ಸಲ ಆಯಿತು ಎಂದು ಹೇಳಿದರೆ ಸಾಕು, ಹೆಸರಿಡುವವರು ಬೇರೆ ಇದ್ದಾರೆ.

ಹಾಗೆಯೇ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು. ಚರ್ಮ ಬಿರಿದ ಮೇಲೆ ಎಲ್ಲರಿಗೂ ಕಾಣುತ್ತದೆ. ಅದರ ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ; ಬಾಲಮೂಳೆಯ ಮೇಲೆ, ಹಿಮ್ಮಡಿಯಲ್ಲಿ, ಸೊಂಟದ ಮಗ್ಗುಲಲ್ಲಿ ಕೆಂಪಗಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಬಿಳಿಚಿಕೊಳ್ಳುವುದಿಲ್ಲ. ನಮ್ಮ ಜನರ ಕಪ್ಪು ಮೈಬಣ್ಣದಲ್ಲಿ ಕೆಂಪು ಗೊತ್ತಾಗುವುದು ಕಷ್ಟ, ಆದ್ದರಿಂದ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಿ ಎಂದು ಮನೆಯವರು ಹೇಳುತ್ತಾರೆ. ತಿಕ್ಕಬಾರದು, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಮಗ್ಗುಲು ಬದಲಿಸಿ ಅಲ್ಲಿನ ಭಾರವನ್ನು ತೆಗೆಯುವುದೇ ಮದ್ದು.

ಸೋಂಕು ನಿಯಂತ್ರಣ ವಿಭಾಗದವರು, ಹುಬ್ಬಳ್ಳಿ:

ಕಸದ ಬುಟ್ಟಿಯ ಪದಗಳನ್ನು ಯಾರೂ ಹೇಳಲಿಲ್ಲ, ಸಹಾಯಕರಿಗೆ ಹೆಚ್ಚು ಗಾಯವಾಗುವುದೇ ಅಲ್ಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ನಾಲ್ಕು ಬಣ್ಣಗಳಿವೆ. ರಕ್ತ, ಕೀವು ತಾಗಿದ ಹತ್ತಿ ಮತ್ತು ಬ್ಯಾಂಡೇಜು, ದೇಹದ ಭಾಗಗಳು, ಅವಧಿ ಮುಗಿದ ಔಷಧಿ ಹಳದಿಗೆ. ಡ್ರಿಪ್ ಸೆಟ್, ಕ್ಯಾಥೆಟರ್, ಯೂರೋಬ್ಯಾಗ್, ಕೈಗವಸು, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ. ಸೂಜಿ, ಬ್ಲೇಡು ಮುಂತಾದ ಚುಚ್ಚುವ ವಸ್ತುಗಳು, ಅಂದರೆ ಶಾರ್ಪ್ಸ್, ತೂತು ಬೀಳದ ಬಿಳಿ ಡಬ್ಬಿಗೆ. ಗಾಜಿನ ವಯಲ್ ಮತ್ತು ಆಂಪೂಲ್ ನೀಲಿಗೆ. ಊಟದ ಎಲೆ, ಬಿಸ್ಕತ್ತಿನ ಕಾಗದ ಇವು ಯಾವುದಕ್ಕೂ ಸೇರುವುದಿಲ್ಲ, ಸಾಮಾನ್ಯ ಕಸದ ಬುಟ್ಟಿಗೆ ಹೋಗಬೇಕು.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದಕ್ಕೆ ರೀಕ್ಯಾಪಿಂಗ್ ಎನ್ನುತ್ತಾರೆ, ಅದನ್ನು ಮಾಡಬಾರದು. ಚಾದರ ಕೊಡವುವಾಗ ಅದರಲ್ಲಿ ಉಳಿದ ಸೂಜಿ ಚುಚ್ಚಿದರೆ ಅದು ನೀಡಲ್ ಸ್ಟಿಕ್ ಇಂಜುರಿ. ಬೆರಳನ್ನು ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ; ಸೋಪು ನೀರಿನಿಂದ ತೊಳೆದು ತಕ್ಷಣ ಸಿಸ್ಟರಿಗೆ ತಿಳಿಸಿ. ಎಚ್‌ಐವಿ ತಡೆಯುವ ಪಿಇಪಿ ಔಷಧಿಯನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಬೈಯ್ಯುತ್ತಾರೆಂದು ಹೆದರಿ ಮುಚ್ಚಿಟ್ಟು ಎರಡು ದಿನ ಕಳೆದವರನ್ನು ನೋಡಿದ್ದೇನೆ.

ಇನ್ನು ಎಂಎಲ್‌ಸಿ ಎಂಬ ಮೂರು ಅಕ್ಷರಗಳು. ಅಪಘಾತ, ಹಲ್ಲೆ, ವಿಷಸೇವನೆ, ಸುಟ್ಟಗಾಯ ಮುಂತಾಗಿ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳಿಗೆ ಹೀಗೆ ಬರೆದಿರುತ್ತಾರೆ. ಅಂಥ ರೋಗಿಯ ರಕ್ತವಾದ ಬಟ್ಟೆಯನ್ನು ನೀವಾಗಿ ಒಗೆಯಬೇಡಿ, ಬಿಸಾಡಬೇಡಿ, ಮನೆಯವರ ಕೈಗೂ ಕೊಡಬೇಡಿ. ಅದು ಸಾಕ್ಷ್ಯ.

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಕನ್ನಡಿಗ:

ನಾನು ಮಂಗಳೂರಿನವನು, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್. ಮುಂದೆ ಹೊರದೇಶಕ್ಕೆ ಹೋಗುವ ಯೋಚನೆ ಇರುವವರಿಗಾಗಿ ಬರೆಯುತ್ತಿದ್ದೇನೆ. ಬ್ರಿಟನ್ನಿನಲ್ಲಿ ವೈಟಲ್ಸ್ ಎಂಬ ಮಾತಿಗಿಂತ ‘ಆಬ್ಸ್’ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಅಳೆದ ಪ್ರತಿಯೊಂದಕ್ಕೂ ಅಂಕ ಹಾಕಿ ಕೂಡುವ ‘ನ್ಯೂಸ್ 2’ ಎಂಬ ಪದ್ಧತಿಯನ್ನು ಇಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ತಂದಿತು. ಉಸಿರಾಟ, ಆಮ್ಲಜನಕದ ಪ್ರಮಾಣ, ರೋಗಿಗೆ ಹೆಚ್ಚುವರಿ ಆಮ್ಲಜನಕ ಕೊಡುತ್ತಿದ್ದಾರೆಯೇ, ರಕ್ತದೊತ್ತಡದ ಮೇಲಿನ ಸಂಖ್ಯೆ, ನಾಡಿ, ಪ್ರಜ್ಞೆ, ಉಷ್ಣತೆ ಎಂಬ ಏಳಕ್ಕೆ ಅಂಕಗಳು. ಎಲ್ಲವೂ ಸರಿಯಿದ್ದರೆ ಸೊನ್ನೆ. ಒಟ್ಟು 5 ಅಥವಾ 6 ಆದರೆ ಕೂಡಲೇ ನರ್ಸ್ ಮತ್ತು ವೈದ್ಯರು ನೋಡಬೇಕು, 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು ತಂಡ ಬರಬೇಕು.

ಇದರಲ್ಲಿ ಉಸಿರಾಟವೇ ಮೊದಲ ಸಾಲಿನಲ್ಲಿದೆ. ಅದನ್ನೇ ಜನ ಎಲ್ಲಕ್ಕಿಂತ ಹೆಚ್ಚು ಊಹಿಸಿ ಬರೆಯುತ್ತಾರೆ, ಏಕೆಂದರೆ ವಾರ್ಡಿನಲ್ಲಿ ಸಾಮಾನ್ಯವಾಗಿ ಅದನ್ನು ಯಂತ್ರ ಎಣಿಸುವುದಿಲ್ಲ, ನಾವೇ ಎಣಿಸಬೇಕು. ವಾರ್ಡಿನಲ್ಲಿ ಎಲ್ಲ ರೋಗಿಗಳ ಹೆಸರಿನ ಮುಂದೆಯೂ 18 ಎಂದಿದ್ದರೆ ಯಾರೂ ಎಣಿಸಿಲ್ಲ ಎಂದೇ ತಿಳಿಯಬೇಕು. ರೋಗಿಗೆ ಹೇಳಿದರೆ ಅವರ ಉಸಿರಿನ ಲಯ ಬದಲಾಗುತ್ತದೆ; ನಾಡಿ ಹಿಡಿದಿರುವಂತೆಯೇ ಇದ್ದು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ನಿಮಿಷಕ್ಕೆ 25 ಅಥವಾ ಹೆಚ್ಚಾದರೆ ಅದೊಂದಕ್ಕೇ 3 ಅಂಕ.

ಪ್ರಜ್ಞೆಗೂ ಕ್ರಮವಾದ ಪದಗಳಿವೆ: ಎಚ್ಚರವಾಗಿದ್ದಾರೆ, ಹೊಸದಾಗಿ ಗೊಂದಲದಲ್ಲಿದ್ದಾರೆ, ಕರೆದರೆ ಸ್ಪಂದಿಸುತ್ತಾರೆ, ನೋವಿಗೆ ಮಾತ್ರ ಸ್ಪಂದಿಸುತ್ತಾರೆ, ಯಾವುದಕ್ಕೂ ಸ್ಪಂದಿಸುವುದಿಲ್ಲ. ‘ಹೊಸದಾಗಿ’ ಎಂಬುದು ಮುಖ್ಯ. ನಿನ್ನೆಯವರೆಗೆ ನನ್ನ ಹೆಸರು ಹಿಡಿದು ಕರೆಯುತ್ತಿದ್ದ ವೃದ್ಧರು ಇಂದು ತಾವೆಲ್ಲಿದ್ದೇವೆ ಎಂದು ಕೇಳಿದರೆ, ವಯಸ್ಸಾಯಿತು ಎಂದು ಬಿಟ್ಟುಬಿಡುವಂತಿಲ್ಲ. ಅದಕ್ಕೂ 3 ಅಂಕ.

ನಿವೃತ್ತ ವಾರ್ಡ್ ಸಿಸ್ಟರ್, ಶಿವಮೊಗ್ಗ:

ನಮ್ಮ ಎಲ್ಲ ಆಸ್ಪತ್ರೆಗಳಲ್ಲೂ ಈ ಅಂಕಗಳ ಪದ್ಧತಿ ಇಲ್ಲ, ಆದರೆ ಪ್ರಜ್ಞೆಯ ಆ ಐದು ಮಾತುಗಳನ್ನು ಇಲ್ಲಿಯೂ ಹಾಗೆಯೇ ಬಳಸಬಹುದು. ‘ಪೇಷೆಂಟ್ ಒಂಥರಾ ಇದ್ದಾರೆ’ ಎಂದು ಓಡಿಬರುವ ಹುಡುಗಿಯರನ್ನು ನಾನು ಎಷ್ಟೋ ಸಲ ವಾಪಸು ಕಳಿಸಿದ್ದೇನೆ, ನೋಡಿ ಅಳೆದುಕೊಂಡು ಬಾ ಎಂದು. (ಉಸಿರೇ ನಿಂತಿರುವಾಗ ಅಳೆಯುತ್ತ ಕೂರಬಾರದು, ಅಲ್ಲೇ ನಿಂತು ಕೂಗಬೇಕು, ಇದನ್ನೂ ಹೇಳಿಬಿಡುತ್ತೇನೆ.) ಸರಿಯಾದ ವರದಿ ಹೀಗಿರುತ್ತದೆ: ‘ಎಂಟನೇ ಬೆಡ್, ಹತ್ತು ಗಂಟೆಗೆ ಉಸಿರಾಟ 18 ಇತ್ತು, ಈಗ 28. ಆಮ್ಲಜನಕ 91. ತುಟಿ ನೀಲಿಯಾಗಿದೆ. ಕರೆದರೆ ಕಣ್ಣು ಬಿಡುತ್ತಾರೆ. ಮಂಚದ ತಲೆಭಾಗ ಎತ್ತಿದ್ದೇನೆ.’ ಇದರಲ್ಲಿ ಡಿಸ್ಪ್ನಿಯಾ (ಉಸಿರಾಟದ ಕಷ್ಟ), ಸಯನೋಸಿಸ್ (ನೀಲಿಗಟ್ಟುವುದು) ಎಂಬ ಪದಗಳಿಲ್ಲ. ಅವು ಕೇಸ್ ಶೀಟಿನಲ್ಲಿ ಬಂದಾಗ ನಿಮಗೆ ಅರ್ಥವಾಗಬೇಕು, ಅಷ್ಟಕ್ಕಾಗಿ ಕಲಿಯಿರಿ. ಅದೇ ಲೆಕ್ಕದಲ್ಲಿ ಇಡೀಮಾ ಎಂದರೆ ನೀರು ತುಂಬಿದ ಬಾವು, ಪ್ಯಾಲರ್ ಎಂದರೆ ಬಿಳಿಚಿಕೊಂಡಿರುವುದು, ಇಕ್ಟರಸ್ ಎಂದರೆ ಕಾಮಾಲೆಯ ಹಳದಿ, ಫೆಬ್ರೈಲ್ ಎಂದರೆ ಜ್ವರವಿದೆ, ಏಫೆಬ್ರೈಲ್ ಎಂದರೆ ಜ್ವರವಿಲ್ಲ. ಇವನ್ನು ಎರಡನೆಯ ತಿಂಗಳಿಗೆ ಇಟ್ಟುಕೊಂಡರೂ ನಡೆಯುತ್ತದೆ. ಮೂಳೆಗಳ ಹೆಸರುಗಳನ್ನು ಪರೀಕ್ಷೆಯ ಹಿಂದಿನ ವಾರ ಓದಿ.

ಹಾವೇರಿಯ ವಿದ್ಯಾರ್ಥಿನಿ:

ಪಟ್ಟಿಯನ್ನು ಕತ್ತರಿಸಿ ನೀವೆಲ್ಲ ಹೇಳಿದ ಕ್ರಮದಲ್ಲಿ ಮತ್ತೆ ಅಂಟಿಸುತ್ತಿದ್ದೇನೆ. ಒಂದೇ ಒಂದು ಸಂದೇಹ ಉಳಿದಿದೆ. ಐ.ಒ. ಚಾರ್ಟಿನಲ್ಲಿ ಗಂಜಿ, ಅಂಬಲಿ, ಮಜ್ಜಿಗೆ ಅನ್ನ ಇವನ್ನು ಹೇಗೆ ಬರೆಯುವುದು? ಡೈಪರ್ ಹಾಕಿರುವವರ ಮೂತ್ರವನ್ನು ಅಳೆಯುವುದು ಹೇಗೆ?

ನಿವೃತ್ತ ವಾರ್ಡ್ ಸಿಸ್ಟರ್, ಶಿವಮೊಗ್ಗ:

ಸಾಮಾನ್ಯ ಉಷ್ಣತೆಯಲ್ಲಿ ಹರಿಯುವಂಥದ್ದೆಲ್ಲ ಇನ್‌ಟೇಕ್ ಲೆಕ್ಕಕ್ಕೆ ಬರುತ್ತದೆ: ನೀರು, ಕಾಫಿ, ಮಜ್ಜಿಗೆ, ಎಳನೀರು, ಸಾರು, ತೆಳುವಾದ ಗಂಜಿ, ಅಂಬಲಿ, ಡ್ರಿಪ್, ರೈಲ್ಸ್ ಟ್ಯೂಬಿನ ಆಹಾರ ಮತ್ತು ಅದರ ಹಿಂದೆ ಬಿಡುವ ನೀರು. ಮಜ್ಜಿಗೆ ಅನ್ನ, ಮುದ್ದೆ, ಇಡ್ಲಿ ಬರುವುದಿಲ್ಲ. ಅನ್ನಕ್ಕೆ ಸುರಿದ ಮಜ್ಜಿಗೆಯನ್ನು ಬೇರೆಯಾಗಿ ಅಳೆಯಬೇಕೇ ಎಂದು ನಿಮ್ಮ ವಾರ್ಡಿನ ಸಿಸ್ಟರ್ ಅನ್ನು ಕೇಳಿಕೊಳ್ಳಿ. ಮಂಜುಗಡ್ಡೆಯ ಚೂರು ಕೊಟ್ಟರೆ ಅದರ ಅಳತೆಯ ಅರ್ಧವನ್ನು ಬರೆಯುತ್ತಾರೆ. ಮನೆಯಿಂದ ತಂದ ಲೋಟಗಳು ಒಂದೊಂದು ಗಾತ್ರದವು. ಆದ್ದರಿಂದ ಪಾಳಿಯ ಆರಂಭದಲ್ಲೇ ರೋಗಿಯ ಲೋಟಕ್ಕೆ ನೀರು ತುಂಬಿ ಅಳತೆಯ ಪಾತ್ರೆಗೆ ಸುರಿದು ನೋಡಿ, 150 ಮಿಲಿಲೀಟರೋ 250 ಮಿಲಿಲೀಟರೋ ಎಂದು ಚಾರ್ಟಿನ ಮೂಲೆಯಲ್ಲಿ ಬರೆದಿಡಿ.

ಔಟ್‌ಪುಟ್‌ನಲ್ಲಿ ಮೂತ್ರ, ವಾಂತಿ, ನೀರಾದ ಭೇದಿ, ಡ್ರೈನ್‌ನಲ್ಲಿ, ಅಂದರೆ ಶಸ್ತ್ರಚಿಕಿತ್ಸೆಯ ಜಾಗದಿಂದ ದ್ರವ ಹೊರತರುವ ನಳಿಕೆಯಲ್ಲಿ, ಬಂದದ್ದು. ಒಣ ಡೈಪರಿನ ತೂಕವನ್ನು ಮೊದಲೇ ನೋಡಿಟ್ಟುಕೊಂಡು, ಒದ್ದೆಯಾದದ್ದನ್ನು ತೂಗಿ ಕಳೆದರೆ ಉಳಿದ ಒಂದೊಂದು ಗ್ರಾಂ ಅನ್ನೂ ಒಂದೊಂದು ಮಿಲಿಲೀಟರ್ ಎಂದು ಹಿಡಿಯುತ್ತಾರೆ. ಇಡೀ ದಿನಕ್ಕೆ 400 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬಂದರೆ ಅದಕ್ಕೆ ಆಲಿಗ್ಯೂರಿಯಾ ಎನ್ನುತ್ತಾರೆ, ಆದರೆ ನೀವು ಇಡೀ ದಿನ ಕಾಯುವಂತಿಲ್ಲ. ಫೋಲೀಸ್ ಇರುವ ವಯಸ್ಕರಲ್ಲಿ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಮೊದಲು ನಳಿಕೆ ಎಲ್ಲಾದರೂ ಮಡಚಿಕೊಂಡಿದೆಯೇ, ರೋಗಿ ಅದರ ಮೇಲೆ ಮಲಗಿದ್ದಾರೆಯೇ ಎಂದು ನೋಡಿ, ಆಮೇಲೆ ಸಂಖ್ಯೆಯೊಂದಿಗೆ ಸಿಸ್ಟರ್ ಬಳಿಗೆ ಹೋಗಿ.